ಅಪ್ಪನ ಉಕ್ತಲೇಖನ

ಈ ಸಲದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನನ್ನನ್ನು ಮೇಲ್ವಿಚಾರಣೆಗೆ ಹಾಕಿದ್ದು ಶಿವಮೊಗ್ಗದ ಕೋಟೆ ಕಡೆಯ ಒಂದು ಶಾಲೆಗೆ. ಮೇಲ್ವಿಚಾರಣೆ ಎಂದರೆ ಮೂರು ಗಂಟೆ ಬಾಯಿ ಮುಚ್ಚಿಕೊಂಡು ಓಡಾಡುವುದು. ದಿನವಿಡೀ ತರಗತಿಯಲ್ಲಿ ಕೂಗಾಡುವ ನನ್ನಂಥ ಮೇಡಂಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮೊದಲ ದಿನ ಕನ್ನಡ ಪತ್ರಿಕೆ. ಫಿನಾಯಿಲ್ ಹಾಕಿ ಒರೆಸಿದ ನೆಲ, ಮೂಲೆಯಲ್ಲಿ ನೀರಿನ ಕ್ಯಾನು, ಗೊಣಗುಟ್ಟುವ ಫ್ಯಾನು. ಹನ್ನೊಂದರ ಹೊತ್ತಿಗೆ ಪಕ್ಕದ ಚಿಕ್ಕ ಕೊಠಡಿಯಿಂದ ಮೆಲ್ಲನೆ ಮಾತು ಕೇಳಿಸಿತು. ಒಂದು ದನಿ ಹೇಳುತ್ತದೆ, ನಿಲ್ಲುತ್ತದೆ. ಇನ್ನೊಂದು ದನಿ ಅದನ್ನೇ ಓದಿ ಒಪ್ಪಿಸುತ್ತದೆ. ಮತ್ತೆ ಮೊದಲಿನದು. ನಾನು ಕಿಟಕಿಯ ಹತ್ತಿರ ನಿಂತುಬಿಟ್ಟೆ. ಆ ಹತ್ತು ನಿಮಿಷದಲ್ಲಿ ನನ್ನ ಕೊಠಡಿಯ ಮಕ್ಕಳು ಎಷ್ಟು ಕಾಪಿ ಹೊಡೆದರೋ ದೇವರೇ ಬಲ್ಲ.

ಕಣ್ಣು ಕಾಣದ ಮಕ್ಕಳು ಬಾಯಲ್ಲಿ ಹೇಳುವ ಉತ್ತರವನ್ನು ಕೂತು ಬರೆದುಕೊಡುವವರಿಗೆ ಸ್ಕ್ರೈಬ್ ಎನ್ನುತ್ತಾರೆ. ಪರೀಕ್ಷೆ ಬರೆಯುವವರಿಗಿಂತ ಅವರು ಕೆಳಗಿನ ತರಗತಿಯವರಾಗಿರಬೇಕು ಎಂಬುದು ನಿಯಮ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಾನೂ ಹಾಗೊಬ್ಬಳಿಗೆ ಬರೆದಿದ್ದೆ. ನನ್ನನ್ನು ಆ ಕೆಲಸಕ್ಕೆ ತಯಾರು ಮಾಡಿದ್ದು ಅಪ್ಪ. ಅಪ್ಪ ಹೋಗಿ ಒಂದು ವರ್ಷವಾಗುತ್ತ ಬಂತು. ಆ ಕಿಟಕಿಯ ಬಳಿ ನಿಂತಾಗ ನನಗೆ ನೆನಪಾದದ್ದು ಅವರ ಇಡೀ ಬದುಕಲ್ಲ, ಒಂದೇ ಒಂದು ಬೇಸಿಗೆ.

ಅಪ್ಪನ ಹೆಸರು ಶ್ರೀಕಂಠಪ್ಪ. ವಿದ್ಯುತ್ ಇಲಾಖೆಯಲ್ಲಿ ಮೀಟರ್ ರೀಡರ್. ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ, ಕೆಲಸ ಭದ್ರಾವತಿಯಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಮನೆಮನೆಯ ಗೋಡೆಯ ಮೇಲಿನ ಅಂಕಿ ಬರೆದುಕೊಂಡು ಸಂಜೆ ವಾಪಸ್ಸು. ಅಮ್ಮನಿಗೆ ಆಗಲೇ ಬೆರಳುಗಳ ಗಂಟು ನೋವು. ಬೆಳಗಿನ ಹೊತ್ತು ಮುಷ್ಟಿ ಕಟ್ಟಲೂ ಆಗುತ್ತಿರಲಿಲ್ಲ. ಹಾಗಾಗಿ ಐದೂವರೆಗೆ ಎದ್ದು ರೊಟ್ಟಿ ಹಿಟ್ಟು ನಾದುವುದು, ಕೊಡ ತುಂಬಿಸುವುದು, ನನ್ನ ಎರಡು ಜಡೆ ಹಾಕುವುದು ಎಲ್ಲ ಅಪ್ಪನದೇ. ಜಡೆಯನ್ನು ಎಷ್ಟು ಬಿಗಿಯಾಗಿ ಹೆಣೆಯುತ್ತಿದ್ದರೆಂದರೆ ಮಧ್ಯಾಹ್ನದವರೆಗೆ ನನ್ನ ಹುಬ್ಬು ಕೆಳಗಿಳಿಯುತ್ತಿರಲಿಲ್ಲ. "ಅಪ್ಪ ಜಡೆ ಹಾಕ್ತಾರೆ" ಎಂದು ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿಕೊಂಡು ತಿರುಗುತ್ತೇನೆ.

ಒಮ್ಮೆ ಭದ್ರಾವತಿಯ ಯಾವುದೋ ಮನೆಯಲ್ಲಿ ಮೀಟರ್ ನೋಡುತ್ತಿದ್ದಾಗ ಒಳಗಿನಿಂದ ಒಬ್ಬ ಹುಡುಗಿ ಪಾಠ ಒಪ್ಪಿಸುವುದು ಕೇಳಿಸಿತಂತೆ. ಪುಸ್ತಕ ಹಿಡಿದವರು ಯಾರೂ ಎದುರಿಗಿಲ್ಲ. ವಿಚಾರಿಸಿದರೆ ಅವಳಿಗೆ ಕಣ್ಣು ಕಾಣುವುದಿಲ್ಲ, ಬರೆಯಲು ಯಾರೂ ಸಿಗದೆ ಆ ವರ್ಷ ಪರೀಕ್ಷೆಗೇ ಕೂರಲಿಲ್ಲ ಎಂದು ಗೊತ್ತಾಯಿತು. ಅಪ್ಪ ಮನೆಗೆ ಬಂದವರೇ ನಮ್ಮ ಬೀದಿಯ ಮಕ್ಕಳನ್ನೆಲ್ಲ ಎಣಿಸತೊಡಗಿದರು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ನಮ್ಮ ನಡುಮನೆಯಲ್ಲಿ ಎಂಟನೇ, ಒಂಬತ್ತನೇ ಕ್ಲಾಸಿನ ಏಳೆಂಟು ಮಕ್ಕಳಿಗೆ ಉಕ್ತಲೇಖನ.

ಆ ಉಕ್ತಲೇಖನದ ಚಂದ ಬೇರೆಯೇ. ಅಪ್ಪ ಬೇಕೆಂದೇ ತಪ್ಪು ಹೇಳುತ್ತಿದ್ದರು. "ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ. ತುಂಗಾ ನದಿ ಬೆಂಗಳೂರಿನಲ್ಲಿ ಹರಿಯುತ್ತದೆ. ನಮ್ಮ ಹೆಡ್‌ಮಾಸ್ಟರಿಗೆ ನಾಲ್ಕು ಕಾಲು." ಯಾರು ಹೇಳಿದ್ದನ್ನು ಹೇಳಿದಂತೆ ಬರೆಯುತ್ತಾರೋ ಅವರಿಗೆ ಮಂಡಕ್ಕಿಯ ಜೊತೆ ಬಿಸಿ ಮೆಣಸಿನಕಾಯಿ ಬೋಂಡ. ಪೂರ್ವ ಎಂದು ತಿದ್ದಿದವರಿಗೆ ಬರೀ ಮಂಡಕ್ಕಿ. ನಾನು ಪಶ್ಚಿಮ ಎಂದೇ ಬರೆದು ಪಕ್ಕದಲ್ಲಿ ಸಣ್ಣಗೆ 'ಇದು ತಪ್ಪು' ಎಂದು ಸೇರಿಸುತ್ತಿದ್ದೆ. ನನಗೂ ಬರೀ ಮಂಡಕ್ಕಿ.

"ಅವರು ತಪ್ಪು ಹೇಳಿದ್ರೂ ತಪ್ಪನ್ನೇ ಬರೀಬೇಕಾ ಅಪ್ಪ?"

"ಬರೀಬೇಕು."

"ಮಾರ್ಕ್ಸ್ ಹೋಗಲ್ವಾ?"

"ಹೋಗುತ್ತೆ. ಅವರ ಮಾರ್ಕ್ಸ್ ತಾನೇ? ಕಳ್ಕೊಳ್ಳೋದೂ ಅವರಿಗೇ ಸೇರಿದ್ದು. ನಾನು ಮೀಟರ್ ತೋರಿಸಿದ್ದನ್ನ ಬರೀತೀನಿ, ಮನೆಯವರ ಮುಖ ನೋಡ್ಕೊಂಡು ಬರೀತೀನೇನೆ ಪುಟ್ಟಿ?"

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ ನನಗೆ ಸಿಕ್ಕವಳು ಪುಷ್ಪಾ, ಅಪ್ಪ ಮೀಟರ್ ನೋಡುತ್ತಿದ್ದ ಇನ್ನೊಂದು ಮನೆಯ ಹುಡುಗಿ. ಭದ್ರಾವತಿಯ ಸರ್ಕಾರಿ ಶಾಲೆಯಲ್ಲಿ ಹತ್ತನೇ ಕ್ಲಾಸು. ಅವಳ ಅಮ್ಮ ಸೆಲ್ವಮ್ಮ ಕಾರ್ಖಾನೆಯ ಕ್ವಾರ್ಟರ್ಸ್ ಹತ್ತಿರ ಬೆಳಗಿನ ಹೊತ್ತು ಇಡ್ಲಿ ಮಾರುತ್ತಿದ್ದರು. ತಂದೆ ಇಲ್ಲ. ಪುಷ್ಪಾಗೆ ಪಿಯುಸಿ ಓದಬೇಕು, ಅದೂ ಶಿವಮೊಗ್ಗದ ಹಾಸ್ಟೆಲಿನಲ್ಲಿ ಇದ್ದುಕೊಂಡು. ಸೆಲ್ವಮ್ಮನಿಗೆ ಮಗಳನ್ನು ಕಣ್ಣೆದುರಿನಿಂದ ಆಚೆ ಕಳಿಸಲು ಭಯ. ಕೊನೆಗೆ ಅಪ್ಪ ನಡುವೆ ನಿಂತು ಒಂದು ಒಪ್ಪಂದ ಮಾಡಿಸಿದ್ದರು: ಫಸ್ಟ್ ಕ್ಲಾಸ್ ಬಂದರೆ ಶಿವಮೊಗ್ಗ, ಬರದಿದ್ದರೆ ಮನೆ. ಅಪ್ಪ ಪಾಠಗಳನ್ನೆಲ್ಲ ತಮ್ಮ ದನಿಯಲ್ಲಿ ಓದಿ ಸೆಲ್ವಮ್ಮನ ಮೊಬೈಲಿಗೆ ತುಂಬಿಸಿಕೊಟ್ಟಿದ್ದರು. ಪುಷ್ಪಾ ಇಡ್ಲಿ ಪಾತ್ರೆ ತೊಳೆಯುತ್ತಲೇ ಇಡೀ ಸಮಾಜ ವಿಜ್ಞಾನ ಬಾಯಿಪಾಠ ಮಾಡಿದಳು.

ಪುಷ್ಪಾ ಮುದ್ದು ಹುಡುಗಿಯೇನಲ್ಲ. ಮೊದಲ ದಿನವೇ ನನ್ನನ್ನು ಕೇಳಿದ್ದು, "ನಿನ್ನ ಅಕ್ಷರ ಹೆಂಗಿದೆ? ಬೇರೆಯವರು ಏನಂತಾರೆ ಹೇಳು. ನೀನು ಹೇಳ್ಕೋಬೇಡ."

ಮೊದಲ ಪತ್ರಿಕೆ ಕನ್ನಡ. ಮಾರ್ಚ್ ಕೊನೆ, ಭದ್ರಾವತಿಯ ಬಿಸಿಲು. ನಮಗೊಂದು ಪ್ರತ್ಯೇಕ ಕೊಠಡಿ ಕೊಟ್ಟಿದ್ದರು. ಅವಳು ಹೇಳಿದಳು, ನಾನು ಬರೆದೆ. ವ್ಯಾಕರಣ, ಸಂದರ್ಭ, ಸಾರಾಂಶ ಎಲ್ಲ ಸರಾಗ. ಕೊನೆಗೆ ಪತ್ರಲೇಖನ: ನಿಮ್ಮ ಊರನ್ನು ಪರಿಚಯಿಸಿ ಗೆಳತಿಗೊಂದು ಪತ್ರ ಬರೆಯಿರಿ.

ಪುಷ್ಪಾ ಶುರುಮಾಡಿದಳು. ಬಸ್ಸು ಭದ್ರಾ ಸೇತುವೆಗೆ ಬಂದ ಕೂಡಲೇ ಚಕ್ರದ ಸದ್ದು ಟೊಳ್ಳಾಗುತ್ತದೆ, ಆಗ ನಮ್ಮ ಊರು ಬಂತೆಂದು ತಿಳಿ. ಗಾಳಿಗೆ ಬಿಸಿ ಕಬ್ಬಿಣದ ವಾಸನೆ ಇರುತ್ತದೆ. ಕಾರ್ಖಾನೆಯ ಸೈರನ್ ಕೂಗಿದಾಗ ನಮ್ಮ ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಊಳಿಡುತ್ತವೆ, ಅವು ನಿಂತ ಮೇಲೆ ಅಮ್ಮ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುತ್ತಾಳೆ.

ನನಗೆ ಒಪ್ಪಿಗೆಯಾಗಲಿಲ್ಲ. ಇದೆಂಥ ಪತ್ರ? ಒಂದು ಹಸಿರಿಲ್ಲ, ಒಂದು ಸೂರ್ಯಾಸ್ತವಿಲ್ಲ. ನನ್ನ ಪ್ರಬಂಧಗಳಿಗೆ ತಾಲ್ಲೂಕು ಮಟ್ಟದಲ್ಲಿ ಬಹುಮಾನ ಬಂದಿತ್ತು, ಅದರ ಗತ್ತು ತಲೆಯಲ್ಲಿತ್ತು. ಪಾಪ, ಇವಳಿಗೆ ಫಸ್ಟ್ ಕ್ಲಾಸ್ ಬೇಕು. ನನ್ನ ಪೆನ್ನು ತಾನಾಗಿಯೇ ಓಡಿತು ಎಂದು ಹೇಳಲಾರೆ, ನಾನೇ ಓಡಿಸಿದೆ. 'ಚಿಮಣಿಗಳ ಹೊಗೆ ನೀಲಿ ಆಕಾಶಕ್ಕೆ ಏರುವುದು ನೋಡಲು ಬಲು ಸೊಗಸು' ಎಂದು ಬರೆದೆ. 'ಭದ್ರೆಯ ದಡದಲ್ಲಿ ಹಸಿರು ಹಾಸಿದ ಗದ್ದೆಗಳು' ಎಂದು ಬರೆದೆ. ನಾಯಿಗಳ ವಾಕ್ಯ ಪರೀಕ್ಷೆಗೆ ಮರ್ಯಾದೆಯಲ್ಲ ಎನಿಸಿ ಅದನ್ನು ಬಿಟ್ಟೇ ಬಿಟ್ಟೆ.

"ಓದು," ಎಂದಳು ಪುಷ್ಪಾ.

ನಾನು ಅವಳು ಹೇಳಿದ್ದನ್ನು ನೆನಪಿನಿಂದ ಒಪ್ಪಿಸಿದೆ, ನಾಯಿಗಳ ಸಮೇತ. ಅವಳು ತಲೆದೂಗಿದಳು.

ಅಪ್ಪ ಅರ್ಧ ದಿನ ರಜೆ ಹಾಕಿ ಶಾಲೆಯ ಗೇಟಿನಲ್ಲಿ ಕಾಯುತ್ತಿದ್ದರು. ಸೆಲ್ವಮ್ಮ ಮಗಳನ್ನು ಕರೆದುಕೊಂಡು ಹೋದರು, ನಾವು ಶಿವಮೊಗ್ಗದ ಬಸ್ಸು ಹತ್ತಿದೆವು. ಆ ದಿನ ನಾಲ್ಕು ಗಂಟೆಗೆ ಅಮ್ಮನ ಕೈ ತೋರಿಸಲು ಅಪಾಯಿಂಟ್‌ಮೆಂಟ್ ಇತ್ತು. ತಿಂಗಳಿಗೊಮ್ಮೆ ಮಾತ್ರ ಬರುವ ಡಾಕ್ಟರು. ಅಪ್ಪನಿಗೆ ಅದೇ ಅವಸರ. ನಾನು ಕಿಟಕಿ ಪಕ್ಕ ಕೂತು ಖುಷಿಯಿಂದ ಎಲ್ಲ ಹೇಳಿದೆ. ಹೊಗಳುತ್ತಾರೆಂದೇ ಹೇಳಿದೆ.

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಓದಿ ಹೇಳಿದ್ಯಲ್ಲ, ಏನನ್ನ ಓದಿದೆ? ನೀನು ಬರೆದದ್ದನ್ನೋ, ಅವಳು ಹೇಳಿದ್ದನ್ನೋ?"

"ಅವಳು ಹೇಳಿದ್ದನ್ನ," ಎಂದೆ.

"ಇಳಿ," ಎಂದರು. ಮಾಚೇನಹಳ್ಳಿ ಸ್ಟಾಪು. ಊರು ಇನ್ನೂ ಅರ್ಧ ದಾರಿ. ಇಳಿದು ರಸ್ತೆ ದಾಟಿ ಭದ್ರಾವತಿ ಕಡೆಯ ಬಸ್ಸಿಗೆ ಕಾದೆವು. ತಲೆಯ ಮೇಲೆ ಸುಡುವ ಬಿಸಿಲು. ಅಪ್ಪ ಕೊಡೆ ಬಿಚ್ಚಿ ನನ್ನ ಮೇಲೆ ಹಿಡಿದರು. ಆಮೇಲೆ ಮನೆಗೆ ಫೋನು ಮಾಡಿದರು.

"ಮಾರಾಯ್ತಿ, ನೀನು ಆಟೋ ಮಾಡ್ಕೊಂಡು ಹೋಗ್ತೀಯಾ? ನಂಗೆ ಬರೋಕಾಗಲ್ಲ."

ಆ ಕಡೆಯಿಂದ ಅಮ್ಮನ ಸಿಟ್ಟು ನನಗೂ ಕೇಳಿಸಿತು. "ಒಂದು ತಿಂಗಳಿಂದ ಕಾಯ್ತಿದೀನಿ ಕಣ್ರೀ. ಯಾರದ್ದೋ ಮಕ್ಕಳ ಪರೀಕ್ಷೆ ಅಂದ್ರೆ ಮನೆಯವರು ಮರ್ತೇಹೋಗ್ತಾರೆ ನಿಮಗೆ."

"ಯಾರದ್ದೋ ಅಲ್ಲ. ನನ್ನಿಂದ ಒಂದು ತಪ್ಪಾಗಿದೆ. ಸರಿ ಮಾಡಿ ಬರ್ತೀನಿ."

ನನ್ನಿಂದ, ಎಂದರು. ಪುಟ್ಟಿಯಿಂದ ಎನ್ನಲಿಲ್ಲ. ಅಲ್ಲಿಯವರೆಗೆ ಬಿಗಿಹಿಡಿದಿದ್ದ ನನಗೆ ಆಗ ಅಳು ಬಂತು. ಕೊಡೆಯ ಕೆಳಗೆ ನಿಂತು ಜೋರಾಗಿಯೇ ಅತ್ತೆ. ಅಪ್ಪ ಅಳಬೇಡ ಎನ್ನಲಿಲ್ಲ. ಬಸ್ಸು ಬಂದಾಗ "ಹತ್ತು" ಎಂದರು, ಅಷ್ಟೆ.

ಸೆಲ್ವಮ್ಮನ ಮನೆಯಲ್ಲಿ ಪುಷ್ಪಾ ಊಟಕ್ಕೆ ಕೂತಿದ್ದಳು. ನಮ್ಮ ಹೆಜ್ಜೆ ಕೇಳಿಯೇ, "ಸರ್, ಬಸ್ ತಪ್ತಾ?" ಎಂದಳು. ಅಪ್ಪ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ನಿಲ್ಲಿಸಿದರು. ನಾನು ಹೇಳಿದೆ. ಹೇಗೆ ಹೇಳಿದೆನೋ ಈಗ ನೆನಪಿಲ್ಲ. ನೀಲಿ ಆಕಾಶ ಎಂದು ಹೇಳುವಾಗ ಭೂಮಿ ಬಾಯಿ ಬಿಡಬಾರದೇ ಎನಿಸಿದ್ದು ಮಾತ್ರ ನೆನಪಿದೆ.

ಪುಷ್ಪಾ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದಳು. "ನಾಯಿ ಇದೆಯಾ?"

"ಇಲ್ಲ."

"ನಾಯೀನೇ ತೆಗ್ದುಬಿಟ್ಯಾ? ಹೊಗೆ ಏರೋದು ನೋಡಲು ಸೊಗಸು ಅಂತ ನಾನು ಬರ್ದಿದೀನಾ? ಓದಿದವರು ನಗಲ್ವಾ? ನೋಡೋಕಾಗದೋಳು ನೋಡಿದೆ ಅಂತ ಸುಳ್ಳು ಹೇಳಿದಾಳೆ ಅನ್ನಲ್ವಾ?"

ಸೆಲ್ವಮ್ಮ ಗಾಬರಿಯಾಗಿ ಅಪ್ಪನ ಕಡೆ ತಿರುಗಿದರು. "ಪರವಾಗಿಲ್ಲ ಬಿಡಿ ಸರ್. ಮಾರ್ಕ್ ಜಾಸ್ತೀನೇ ಬರುತ್ತೆ. ಯಾರಿಗೂ ಹೇಳ್ಬೇಡಿ ಸರ್, ಪೇಪರ್ ತಡೆಹಿಡಿದ್ರೆ ಏನು ಗತಿ?"

ಅಪ್ಪ ನೆಲದ ಮೇಲೆ ಪುಷ್ಪಾಳ ಎದುರು ಕೂತರು. "ನೋಡಮ್ಮ, ಇವಳನ್ನ ಕಳಿಸಿದ್ದು ನಾನು. ತಪ್ಪು ನಂದು. ನಾಳೆ ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಗೆ ಹೇಳ್ಬೇಕು ಅಂತ ನಂಗನ್ಸುತ್ತೆ. ಆದ್ರೆ ಪೇಪರ್ ನಿಂದು. ನೀನು ಬೇಡ ಅಂದ್ರೆ ನಾನು ಬಾಯಿಬಿಡಲ್ಲ. ನೀನು ಹೇಳು."

ಅವಳ ಜೀವನದಲ್ಲಿ ಅಷ್ಟು ದೊಡ್ಡ ವಿಷಯವನ್ನು ಅವಳನ್ನೇ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ ಎಂದು ಎಷ್ಟೋ ವರ್ಷಗಳ ಮೇಲೆ ಪುಷ್ಪಾ ನನಗೆ ಹೇಳಿದಳು. ಆಗ ಅವಳು ಹೇಳಿದ್ದು ಇಷ್ಟೇ: "ಹೇಳಿ ಸರ್. ಇಲ್ದಿದ್ರೆ ಫಸ್ಟ್ ಕ್ಲಾಸ್ ಬಂದ್ರೂ ನಂದು ಅನ್ಸಲ್ಲ."

"ಮುಂದಿನ ಪೇಪರಿಗೆ ಬೇರೆ ಹುಡುಗೀನ ಹುಡುಕ್ತೀನಿ," ಎಂದರು ಅಪ್ಪ.

"ಬೇಡ. ಹೊಸಬಳಿಗೆ ನನ್ನ ಮಾತು ಅಭ್ಯಾಸ ಆಗೋಷ್ಟರಲ್ಲಿ ಪರೀಕ್ಷೇನೇ ಮುಗ್ದಿರುತ್ತೆ. ಇವಳೇ ಬರ್ಲಿ. ಹೆದರಿದೋರು ಸರಿಯಾಗಿ ಬರೀತಾರೆ. ಆದ್ರೆ ಬರೆಯುವಾಗ ನನ್ನ ಬೆರಳು ಸಾಲಿನ ಪಕ್ಕ ಇರುತ್ತೆ. ನಾನು ನಾಲ್ಕು ಮಾತು ಹೇಳಿದ್ರೆ ಪೆನ್ನು ಎಷ್ಟು ದೂರ ಹೋಗ್ಬೇಕು ಅಂತ ನಂಗೊತ್ತು."

ಸಂಜೆ ಮನೆಗೆ ಬಂದಾಗ ಅಮ್ಮ ಒಬ್ಬಳೇ ಡಾಕ್ಟರ ಹತ್ತಿರ ಹೋಗಿ ಬಂದು, ಮಾತ್ರೆಯ ಚೀಟಿಯನ್ನು ಟೇಬಲ್ಲಿನ ಮೇಲೆ ಎದ್ದು ಕಾಣುವಂತೆ ಇಟ್ಟಿದ್ದಳು. ಅಪ್ಪ ಎಣ್ಣೆ ಬಿಸಿ ಮಾಡಿ ತಂದು ಅವಳ ಬೆರಳುಗಳನ್ನು ಒಂದೊಂದಾಗಿ ನೀವುತ್ತ ಕೂತರು. ಏನು ತಪ್ಪಾಗಿತ್ತೆಂದು ಅಮ್ಮ ಕೇಳಿದಳು. "ಆಫೀಸಿಂದು" ಎಂದುಬಿಟ್ಟರು. ಅಕ್ಷರ ತಪ್ಪದಂತೆ ಬರೆಯಬೇಕೆಂದು ಊರಿಗೆಲ್ಲ ಹೇಳುವ ಮನುಷ್ಯ ನನಗಾಗಿ ಅಮ್ಮನ ಮುಂದೆ ಒಂದು ಸುಳ್ಳು ಹೇಳಿದರು. ಮೂರು ದಿನವಾದ ಮೇಲೆ ನಾನೇ ಅಮ್ಮನಿಗೆ ನಿಜ ಹೇಳಿದೆ.

ಕೇಂದ್ರದ ಮುಖ್ಯಸ್ಥರು ಒಳ್ಳೆಯವರು. ಉತ್ತರ ಪತ್ರಿಕೆಯ ಕಟ್ಟು ಸೀಲಾಗಿ ಹೋಗಿತ್ತು, ಏನೂ ಮಾಡುವಂತಿರಲಿಲ್ಲ. ಅಪ್ಪನಿಂದ ಒಂದು ಪತ್ರ ಬರೆಸಿಕೊಂಡರು. "ತಪ್ಪು ಬರೆದವಳದ್ದು, ಹೇಳಿದವಳದ್ದಲ್ಲ. ನಾನು ಮೇಲಿನವರಿಗೆ ಹಾಗೇ ತಿಳಿಸ್ತೀನಿ," ಎಂದರು. ಮುಂದಿನ ಪತ್ರಿಕೆಗಳಿಗೆ ನಮ್ಮ ಬೆಂಚಿನ ಪಕ್ಕದಲ್ಲೇ ಒಬ್ಬ ಮೇಷ್ಟ್ರನ್ನು ಕೂರಿಸಿದರು. ಪೇಪರ್ ತಡೆಹಿಡಿಯುತ್ತಾರೋ ಇಲ್ಲವೋ ಎಂಬುದು ಫಲಿತಾಂಶದ ದಿನದವರೆಗೆ ಯಾರಿಗೂ ಗೊತ್ತಿರಲಿಲ್ಲ. ಆ ಏಪ್ರಿಲ್ಲಿನಲ್ಲಿ ಸೆಲ್ವಮ್ಮ ಮಾಡಿಕೊಳ್ಳದ ಹರಕೆ ಇರಲಿಲ್ಲ.

ಸಮಾಜ ವಿಜ್ಞಾನದ ದಿನ ನಕ್ಷೆಯ ಬದಲಿಗೆ ಕೊಟ್ಟ ಪ್ರಶ್ನೆಯೊಂದಕ್ಕೆ ಪುಷ್ಪಾ ತಪ್ಪು ಉತ್ತರ ಹೇಳಿದಳು. ಸರಿಯುತ್ತರ ನನ್ನ ತುಟಿಯ ಮೇಲಿತ್ತು. ಅವಳ ಬೆರಳು ಸಾಲಿನ ಪಕ್ಕದಲ್ಲಿತ್ತು. ಪೆನ್ನು ಅರೆಕ್ಷಣ ನಿಂತಿತು. ಆ ತಪ್ಪನ್ನು ನಾನು ಗುಂಡಗೆ, ನನ್ನ ಅತಿ ಒಳ್ಳೆಯ ಅಕ್ಷರದಲ್ಲಿ ಬರೆದೆ. ಹಲ್ಲು ಕೀಳಿಸಿಕೊಂಡಷ್ಟು ನೋವಾಯಿತು. ಹೊರಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಬಸ್‌ಸ್ಟ್ಯಾಂಡಿನ ಹತ್ತಿರ ಕರೆದೊಯ್ದು ಎರಡು ಲೋಟ ಕಬ್ಬಿನ ಹಾಲು ಹೇಳಿದರು. ನನ್ನ ಲೋಟ ಮುಗಿದ ಮೇಲೆ ತಮ್ಮದರಲ್ಲಿ ಅರ್ಧ ನನ್ನ ಲೋಟಕ್ಕೆ ಸುರಿದರು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ತಡೆಹಿಡಿದಿರಲಿಲ್ಲ. ಫಸ್ಟ್ ಕ್ಲಾಸಿಗೆ ಬೇಕಾದದ್ದಕ್ಕಿಂತ ಮೂವತ್ತು ಅಂಕ ಹೆಚ್ಚು. ಫೋನಿನಲ್ಲಿ ಪುಷ್ಪಾ ಮೊದಲು ಕೇಳಿದ್ದು, "ಆ ಪತ್ರಕ್ಕೆ ಒಟ್ಟು ಎಷ್ಟು ಮಾರ್ಕ್ಸಿತ್ತು?" ಐದು ಎಂದೆ. "ಐದೂ ಕಳೀತೀನಿ. ಕಳೆದ್ರೂ ಫಸ್ಟ್ ಕ್ಲಾಸೇ," ಎಂದಳು. ಆಮೇಲೆ ನಕ್ಕಳು. ಅವಳು ನನ್ನನ್ನು ಕ್ಷಮಿಸಿದ್ದು ಆವತ್ತು ಎಂದುಕೊಂಡಿದ್ದೇನೆ. ಅವಳನ್ನು ಕೇಳಿದರೆ ಇನ್ನೂ ಯೋಚನೆ ಮಾಡ್ತಿದೀನಿ ಎನ್ನುತ್ತಾಳೆ.

ಜೂನಿನಲ್ಲಿ ಮೊದಲ ಮಳೆಗೆ ಅವಳ ಟ್ರಂಕನ್ನು ಅಪ್ಪನೇ ಬಸ್ಸಿನಿಂದ ಇಳಿಸಿ ಹಾಸ್ಟೆಲಿಗೆ ತಂದಿಟ್ಟರು. ಸೆಲ್ವಮ್ಮ ಗೇಟಿನಲ್ಲಿ ನಿಂತು ಅತ್ತರು. ಆಮೇಲೆ ವಾರ್ಡನ್ನಿಗೆ ಇಡ್ಲಿ ಕೊಟ್ಟರು. ಭಾನುವಾರದ ಉಕ್ತಲೇಖನ ಮುಂದುವರಿಯಿತು, ನಿವೃತ್ತಿಯಾದ ಮೇಲಂತೂ ಬುಧವಾರವೂ ಸೇರಿತು. ಈಗ ಅದನ್ನು ನಾನು ನಡೆಸುತ್ತೇನೆ. ಬೋಂಡದ ನಿಯಮ ಹಾಗೇ ಇದೆ.

ಪುಷ್ಪಾ ಈಗ ಭದ್ರಾವತಿಯಲ್ಲಿ ಕನ್ನಡ ಉಪನ್ಯಾಸಕಿ. ಅಪ್ಪನ ವರ್ಷದ ಕಾರ್ಯಕ್ಕೆ ಒಂದು ಪುಟದ ನೆನಪಿನ ಹಾಳೆ ಮಾಡಿಸಿ ಮಕ್ಕಳಿಗೆ ಹಂಚೋಣ ಎಂದುಕೊಂಡೆವು. ಅದಕ್ಕೆ ಹಾಕಲು ಒಂದು ಒಳ್ಳೆಯ ಫೋಟೋ ಹುಡುಕಿ ನಾನೂ ಅಮ್ಮನೂ ಸೋತೆವು. ಗುರುತಿನ ಚೀಟಿಯಲ್ಲಿ, ನನ್ನ ಮದುವೆಯ ಆಲ್ಬಮ್ಮಿನಲ್ಲಿ, ಕೊನೆಗೆ ಅವರದೇ ಮದುವೆಯ ಫೋಟೋದಲ್ಲೂ ಅಪ್ಪ ಪೊಲೀಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿದಂತೆ ಮುಖ ಗಂಟಿಕ್ಕಿಕೊಂಡೇ ಇದ್ದಾರೆ. ಅವರ ಮುಖವೇ ಹಾಗೆ. ಬೀದಿಯ ಸಣ್ಣ ಮಕ್ಕಳು ಅವರು ಬಂದರೆ ಚೆಂಡು ಬಿಟ್ಟು ಓಡುತ್ತಿದ್ದವು. ನಾನು ಮಗಳು, ಮೂವತ್ತು ವರ್ಷದ ಹತ್ತಿರ ಆ ಮುಖ ನೋಡಿದವಳು. ಅದು ನಕ್ಕದ್ದನ್ನು ನೋಡಿದ ನೆನಪಿಲ್ಲ.

ಕಳೆದ ಭಾನುವಾರ ಪುಷ್ಪಾ ಮನೆಗೆ ಬಂದಿದ್ದಳು. ಅವಳ ಮೊಬೈಲು ಈಗ ಹೇಳಿದ್ದನ್ನೆಲ್ಲ ತಾನೇ ಬರೆದುಕೊಳ್ಳುತ್ತದೆ. ಆದರೂ, "ಸರ್ ಬಗ್ಗೆ ನಾನು ಹೇಳ್ತೀನಿ, ನೀನು ಬರ್ಕೋ," ಎಂದಳು. ನಾನು ಹಾಳೆ ತೆಗೆದೆ. ಅವಳು ಹೇಳಿದಳು:

"ಶ್ರೀಕಂಠಪ್ಪ ಸರ್ ನಗುಮುಖದವರು. ಬಾಗಿಲಲ್ಲಿ ನಿಂತು 'ಮೀಟರ್' ಅಂತ ಕೂಗಿದರೂ ಸಾಕು, ಆ ನಗು ಒಳಗಿದ್ದ ನನಗೆ ತಿಳಿಯುತ್ತಿತ್ತು."

ನನ್ನ ಪೆನ್ನು ನಿಂತಿತು.

"ಯಾಕೆ ನಿಲ್ಲಿಸ್ದೆ?"

"ಏನಿಲ್ಲ," ಎಂದು ಬರೆದೆ. ಒಂದು ಅಕ್ಷರ ಸೇರಿಸಲಿಲ್ಲ, ಒಂದು ಬಿಡಲಿಲ್ಲ. ಕಣ್ಣು ತುಂಬಿ ಸಾಲು ಸ್ವಲ್ಪ ಸೊಟ್ಟಗಾಯಿತು.

"ಓದು."

"ಶ್ರೀಕಂಠಪ್ಪ ಸರ್ ನಗುಮುಖದವರು," ಎಂದು ಓದಿದೆ. ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತಿದ್ದ ಅಮ್ಮ ಕೈ ನಿಲ್ಲಿಸಿ, ಎಲ್ಲರಿಗೂ ಗೊತ್ತಿದ್ದದ್ದನ್ನು ಬರೆದುಕೊಳ್ಳುವುದು ಏನಿದೆ ಎಂಬಂತೆ, "ಹೌದಲ್ವೇನೆ?" ಎಂದಳು.